ಓಲೆ ಬಿಡಿಸಿಕೊಂಡ ದಿನ

(ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ‘ಹಣದಿಂದ ಸುಖ ಸಿಗುತ್ತದೆಯೇ?’ ಎಂಬ ವಿಷಯವಾಗಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿ ಹಾಗೇ ಇದೆ, ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ವಿಷಯಕ್ಕೆ ಯಾರಾದರೂ ಸ್ವಾಮೀಜಿಯನ್ನು ಕರೆಯೋಣ ಅಂತಿದ್ದರಂತೆ. ಅವರಿಗೆ ಬಿಡುವಿರಲಿಲ್ಲ, ನನಗೆ ಬಿಡುವೋ ಬಿಡುವು. ಹಾಗಾಗಿ ಸುಖದ ಬಗ್ಗೆ ಮಾತಾಡಲು ಒಬ್ಬ ನಿವೃತ್ತ ಬ್ಯಾಂಕ್ ನೌಕರಳು ನಿಮ್ಮ ಮುಂದೆ ನಿಂತಿದ್ದಾಳೆ.

ನಾನು 31 ವರ್ಷ ಬ್ಯಾಂಕಿನಲ್ಲಿದ್ದೆ. ಅದರಲ್ಲಿ ಹೆಚ್ಚು ಕಾಲ ಮಂಡ್ಯ ಜಿಲ್ಲೆಯ ಶಾಖೆಗಳಲ್ಲಿ, ಅದರಲ್ಲೂ ಒಡವೆ ಸಾಲದ ಟೇಬಲ್ಲಿನಲ್ಲಿ. ಜನರನ್ನು ನಾನು ಕಂಡಿದ್ದು ಆ ಗಾಜಿನ ಕಿಂಡಿಯೊಳಗಿಂದಲೇ. ದುಡ್ಡಿಲ್ಲದ ದಿನ ಒಂದು ಮುಖ, ಬಂದ ದಿನ ಇನ್ನೊಂದು ಮುಖ. ಮನುಷ್ಯರು ಅವರೇ.

ನಮ್ಮಲ್ಲಿ ಈ ಪ್ರಶ್ನೆಗೆ ಗಾದೆಯ ಉತ್ತರ ರೆಡಿ ಇರುತ್ತದೆ, ಯಾವ ಕಡೆ ಬೇಕೋ ಆ ಕಡೆಗೆ. ಒಬ್ಬರು ‘ದುಡ್ಡೇ ದೊಡ್ಡಪ್ಪ’ ಅಂದರೆ ಇನ್ನೊಬ್ಬರು ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅನ್ನುತ್ತಾರೆ. ಎರಡನೆಯದು ನನಗೂ ಇಷ್ಟದ ಗಾದೆ. ಆದರೆ ಚಿಂತೆ ಕಳೆಯುವುದು ಹೇಗೆ ಅಂತ ಅದು ಹೇಳುವುದಿಲ್ಲ. ಎಷ್ಟೋ ಜನರ ಚಿಂತೆಗೆ ಒಂದು ನಿಗದಿಯಾದ ಮೊತ್ತ ಇರುತ್ತಿತ್ತು. ಅಸಲು ಇಷ್ಟು, ಬಡ್ಡಿ ಇಷ್ಟು ಅಂತ ನಾನೇ ಬರೆದು ಕೊಟ್ಟಿದ್ದೇನೆ.

ಜೂನ್ ಬಂತೆಂದರೆ ನಮ್ಮ ಟೇಬಲ್ಲಿಗೆ ಸೀಸನ್. ಮಕ್ಕಳ ಫೀಸು, ಬಿತ್ತನೆ ಬೀಜ, ಗೊಬ್ಬರ ಎಲ್ಲ ಒಟ್ಟಿಗೇ ಬರುತ್ತವೆ. ಹೆಂಗಸು ಮುಂದೆ, ಗಂಡನೋ ಮಗನೋ ಎರಡು ಹೆಜ್ಜೆ ಹಿಂದೆ, ಗೋಡೆಯ ಮೇಲಿನ ಬಡ್ಡಿ ದರದ ಬೋರ್ಡು ಓದುತ್ತಾ ನಿಂತಿರುತ್ತಾನೆ. ಆಕೆ ಸೆರಗು ಮರೆ ಮಾಡಿಕೊಂಡು ಓಲೆಯ ತಿರುಪು ಬಿಚ್ಚುತ್ತಾಳೆ. ಅಕ್ಕಸಾಲಿ ಒರೆಗಲ್ಲಿಗೆ ಉಜ್ಜಿ, ತೂಗಿ, ಕಲ್ಲಿನ ತೂಕ ಕಳೆದು ಚೀಟಿ ಬರೆಯುತ್ತಾರೆ. ಬೋಳು ಕಿವಿಯ ತೂತು ಮುಚ್ಚಿಹೋಗಬಾರದಲ್ಲ, ಪೊರಕೆ ಕಡ್ಡಿಯ ಚೂರೊಂದನ್ನು ಅಲ್ಲಿ ಸಿಕ್ಕಿಸಿಕೊಳ್ಳುತ್ತಾಳೆ. ಅನುಭವಸ್ಥರು ಮನೆಯಿಂದಲೇ ಕಡ್ಡಿ ತಂದಿರುತ್ತಾರೆ. ತಾಳಿಯನ್ನೇ ಇಡಬೇಕಾಗಿ ಬಂದವರು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಬಂದು, ತಾಳಿಯನ್ನು ಕರ್ಚೀಫಿನ ಗಂಟಿನಿಂದ ತೆಗೆಯುತ್ತಾರೆ. ಆಗ ಸುತ್ತ ಇರುವವರೆಲ್ಲ ಬೇರೆ ಕಡೆ ನೋಡುತ್ತಾರೆ. ಅದೊಂದು ಮರ್ಯಾದೆ.

ವರ್ಷಗಟ್ಟಲೆ ಕೂತ ಮೇಲೆ ನನಗೊಂದು ವಿಷಯ ಕಾಣತೊಡಗಿತು. ಒಡವೆ ಇಡಲು ಬಂದ ದಿನ ಜನ ಬಹಳ ತಪ್ಪು ಮಾಡುತ್ತಾರೆ. ಸಹಿ ಹಾಕುವಲ್ಲಿ ತಾರೀಖು ಬರೆಯುತ್ತಾರೆ, ಪಾಸ್‌ಬುಕ್ ಕೌಂಟರಿನಲ್ಲೇ ಬಿಟ್ಟು ಹೋಗುತ್ತಾರೆ, ಹೇಳಿದ್ದನ್ನೇ ಮೂರು ಸಲ ಹೇಳಬೇಕು. ಅದೇ ಹೆಂಗಸು ಒಡವೆ ಬಿಡಿಸಿಕೊಳ್ಳಲು ಬಂದ ದಿನ ನನ್ನ ಬಡ್ಡಿ ಲೆಕ್ಕದಲ್ಲಿ 40 ರೂಪಾಯಿ ತಪ್ಪು ಹಿಡಿದಿದ್ದಾಳೆ. ಆಕೆ ಓದಿದ್ದು ನಾಲ್ಕನೇ ಕ್ಲಾಸು, ನನ್ನದು ಬಿ.ಕಾಂ. ‘ಬ್ಯಾಂಕ್ ಅಂದರೆ ಭಯ, ಅದಕ್ಕೇ ತಪ್ಪು ಮಾಡುತ್ತಾರೆ’ ಅಂತ ನಾವು ಒಳಗಿನವರು ಅಂದುಕೊಳ್ಳುತ್ತಿದ್ದೆವು. ಹಾಗಿದ್ದರೆ ಬಿಡಿಸಿಕೊಳ್ಳುವ ದಿನ ಆ ಭಯ ಎಲ್ಲಿಗೆ ಹೋಗುತ್ತಿತ್ತು?

ಇದಕ್ಕೆ ಉತ್ತರದಂಥದ್ದು ಸಿಕ್ಕಿದ್ದು ಪಕ್ಕದ ತಮಿಳುನಾಡಿನ ಕಬ್ಬಿನ ಗದ್ದೆಗಳಿಂದ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಾಫಿರ್, ಜಿಯಾಯಿಂಗ್ ಝಾವ್ ಎಂಬ ನಾಲ್ವರು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ವಿಲ್ಲುಪುರಂ, ತಿರುವಣ್ಣಾಮಲೈ ಕಡೆಯ 54 ಹಳ್ಳಿಗಳ 464 ಕಬ್ಬು ಬೆಳೆಗಾರರು. ಒಬ್ಬೊಬ್ಬ ರೈತನನ್ನೂ ಎರಡು ಸಲ ಮಾತಾಡಿಸಿದರು: ಕಟಾವಿಗೆ ಮುಂಚೆ ಒಮ್ಮೆ, ಕಬ್ಬಿನ ದುಡ್ಡು ಕೈಗೆ ಬಂದ ಮೇಲೆ ಒಮ್ಮೆ. ಎರಡು ಸಲವೂ ಓದುಬರಹ ಬೇಡದ ಪರೀಕ್ಷೆ ಕೊಟ್ಟರು. ಒಂದರಲ್ಲಿ ಚಿತ್ರದ ಸಾಲಿನಲ್ಲಿ ಬಿಟ್ಟುಹೋದ ತುಂಡು ಯಾವುದು ಎಂದು ಹೇಳಬೇಕು. ಇನ್ನೊಂದರಲ್ಲಿ ‘5 5 5’ ಎಂದು ತೋರಿಸುತ್ತಾರೆ. ಐದು ಅನ್ನುವಂತಿಲ್ಲ, ಎಷ್ಟು ಅಂಕಿ ಇವೆಯೋ ಅದನ್ನು, ಅಂದರೆ ಮೂರು ಅಂತ ಥಟ್ಟನೆ ಹೇಳಬೇಕು. ಇಲ್ಲೇ ಪ್ರಯತ್ನಿಸಿ ನೋಡಿ, ಅಷ್ಟು ಸುಲಭವಲ್ಲ.

ದುಡ್ಡು ಬಂದ ಮೇಲೆ ಅದೇ ರೈತ ಎರಡರಲ್ಲೂ ಚೆನ್ನಾಗಿ ಮಾಡಿದ. ಕಟಾವಿಗೆ ಮುಂಚೆ ಅವರಲ್ಲಿ 78% ಜನ ಏನಾದರೊಂದನ್ನು ಗಿರವಿ ಇಟ್ಟಿದ್ದರು, ಆಮೇಲೆ 4%. ಈ ಅಂಕಿ ಓದಿದಾಗ ನಾನು ನಕ್ಕೆ. ಇದಕ್ಕೆ ಸಂಶೋಧನೆ ಬೇಕಿರಲಿಲ್ಲ, ನನ್ನ ರಿಜಿಸ್ಟರ್ ಕೇಳಿದ್ದರೆ ಸಾಕಿತ್ತು.

ಕಬ್ಬನ್ನೇ ಯಾಕೆ ಆರಿಸಿಕೊಂಡರು ಅನ್ನುವುದು ಇಲ್ಲಿ ಕೂತಿರುವ ಬೆಳೆಗಾರರಿಗೆ ಗೊತ್ತಾಗಿರುತ್ತದೆ. ಕಾರ್ಖಾನೆ ಎಲ್ಲರ ಕಬ್ಬನ್ನೂ ಒಂದೇ ಸಲ ಅರೆಯಲಾರದು, ಕಟಿಂಗ್ ಆರ್ಡರ್, ಅಂದರೆ ಕಬ್ಬು ಕಡಿಯಿರಿ ಅಂತ ಕಾರ್ಖಾನೆ ಕೊಡುವ ಚೀಟಿ, ತಿಂಗಳುಗಟ್ಟಲೆ ಹಿಂದೆ ಮುಂದೆ ಆಗುತ್ತದೆ. ಹಾಗಾಗಿ ಒಂದೇ ವಾರದಲ್ಲಿ ಒಬ್ಬನ ಕೈಯಲ್ಲಿ ದುಡ್ಡಿರುತ್ತದೆ, ಪಕ್ಕದ ಗದ್ದೆಯವನ ಕೈಯಲ್ಲಿ ಇರುವುದಿಲ್ಲ. ಬಿಸಿಲು, ಹಬ್ಬ, ಮಳೆ ಇಬ್ಬರಿಗೂ ಒಂದೇ. ವ್ಯತ್ಯಾಸ ಜೇಬಿನಲ್ಲಿ ಮಾತ್ರ. ನಮ್ಮನ್ನು ಗೋಳು ಹುಯ್ದುಕೊಳ್ಳುವ ವ್ಯವಸ್ಥೆ ಯಾರಿಗೋ ಪ್ರಯೋಗಶಾಲೆಯಾಯಿತು ನೋಡಿ. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಆ 14 ದಿನ ಕೆಲವು ವರ್ಷ ಎಷ್ಟು ಉದ್ದ ಆಗುತ್ತದೆ ಅಂತ ಕೇಳಬೇಡಿ. ಆ ಉದ್ದ ಪೂರ್ತಿ ನನ್ನ ಟೇಬಲ್ಲಿನ ಮುಂದೆ ಸಾಲಾಗಿ ನಿಂತಿರುತ್ತಿತ್ತು.

ಎಲ್ಲ ಕಡೆಯೂ ಇದೇ ಫಲಿತಾಂಶ ಬಂದಿಲ್ಲ ಅನ್ನುವುದನ್ನೂ ಹೇಳಬೇಕು. ಅಮೆರಿಕದಲ್ಲಿ ಬಡ ಸಂಬಳದಾರರನ್ನು ಸಂಬಳದ ದಿನಕ್ಕೆ ಮುಂಚೆ ಮತ್ತು ನಂತರ ಪರೀಕ್ಷಿಸಿದಾಗ ಬುದ್ಧಿಯ ಚುರುಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನನಗೆ ಅನ್ನಿಸುವುದು ಇಷ್ಟು: ಸಂಬಳದ ತಾರೀಖು ಗೊತ್ತಿರುವವನ ಕಾಯುವಿಕೆಯೇ ಬೇರೆ, ಕಬ್ಬಿನ ದುಡ್ಡು ಯಾವಾಗ ಬರುತ್ತದೋ ಗೊತ್ತಿಲ್ಲದವನ ಕಾಯುವಿಕೆಯೇ ಬೇರೆ.

ಒಡಿಶಾದ ಒಂದು ಪ್ರಯೋಗ ನನಗೆ ಇದಕ್ಕಿಂತ ಹತ್ತಿರದ್ದು, ಯಾಕೆಂದರೆ ನಮ್ಮಜ್ಜಿ ಎಲೆ ಹಚ್ಚುತ್ತಿದ್ದರು. ನಮ್ಮಲ್ಲಿ ಮುತ್ತುಗದ ಎಲೆ ಹಚ್ಚುವ ಹಾಗೆಯೇ ಅಲ್ಲಿ ಊಟದೆಲೆ ಹಚ್ಚುವ ಕೂಲಿಗಳು. ಎಲೆಗೆ ಇಷ್ಟು ಅಂತ ಲೆಕ್ಕ, ದುಡ್ಡು ಕೊನೆಗೆ. ಸಂಶೋಧಕರು ಕೆಲವರಿಗೆ ಗಳಿಸಿದ ಕೂಲಿಯ ದೊಡ್ಡ ಪಾಲನ್ನು ಕೆಲವು ದಿನ ಮೊದಲೇ ಕೊಟ್ಟರು. ಒಂದು ಪೈಸೆ ಹೆಚ್ಚಿಲ್ಲ, ಅವರದ್ದೇ ದುಡ್ಡು, ದಿನ ಮಾತ್ರ ಬದಲು. ಅವರು ಮೊದಲು ಹೋಗಿ ಸಾಲ ತೀರಿಸಿದರು. ಮರುದಿನದಿಂದ ಹೆಚ್ಚು ಎಲೆ ಹಚ್ಚಿದರು, ತಪ್ಪೂ ಕಡಿಮೆ. ತೀರಾ ಬಡವರಲ್ಲೇ ಈ ಬದಲಾವಣೆ ಹೆಚ್ಚು ಕಂಡಿತು.

ನಮ್ಮಜ್ಜಿ ಎಲೆ ಹಚ್ಚುವಾಗ ಕಡ್ಡಿ ಚುಚ್ಚುವುದು ತಪ್ಪಿ ಎಲೆ ಹರಿದರೆ ‘ಮನಸ್ಸು ಎಲ್ಲೋ ಅದೆ ಕಣವ್ವ’ ಅನ್ನುತ್ತಿದ್ದರು. ಎಲ್ಲಿ ಅಂತ ನಾನು ಕೇಳಲಿಲ್ಲ. ಈಗ ಲೆಕ್ಕ ಹಾಕಿದರೆ ಅದು ಊರ ಶೆಟ್ಟರ ಅಂಗಡಿಯ ಬಾಕಿ ಪುಸ್ತಕದಲ್ಲಿ ಇದ್ದಿರಬೇಕು.

ಈಗ ಬಹಳ ಜನ ವಾಟ್ಸಾಪಿನಲ್ಲಿ ಕಳಿಸುವ ವಿಷಯಕ್ಕೆ ಬರುತ್ತೇನೆ. ‘ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ಹಣದಿಂದ ಸುಖ ಹೆಚ್ಚುವುದಿಲ್ಲ, ನೊಬೆಲ್ ವಿಜೇತರೇ ಹೇಳಿದ್ದಾರೆ.’ ಹೌದು, 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಅಮೆರಿಕದ ಸುಮಾರು 4.5 ಲಕ್ಷ ಉತ್ತರಗಳನ್ನು ಇಟ್ಟುಕೊಂಡು ಹಾಗೆ ಹೇಳಿದ್ದರು. ಅದರಲ್ಲೇ ಇನ್ನೊಂದು ಅರ್ಧ ಇತ್ತು, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ‘ನಿನ್ನೆ ಹೇಗಿದ್ದಿರಿ, ನಕ್ಕಿರಾ, ಚಿಂತೆ ಮಾಡಿದಿರಾ’ ಎಂದು ಕೇಳಿದಾಗ ಮಾತ್ರ ಆ ಮಟ್ಟದಲ್ಲಿ ಏರಿಕೆ ನಿಂತಿತ್ತು. ‘ಒಟ್ಟಾರೆ ನಿಮ್ಮ ಬದುಕು ಸೊನ್ನೆಯಿಂದ ಹತ್ತರ ಏಣಿಯಲ್ಲಿ ಎಷ್ಟನೇ ಮೆಟ್ಟಿಲು’ ಎಂದು ಕೇಳಿದಾಗ ಹಣ ಹೆಚ್ಚಿದಂತೆ ಜನ ಮೇಲೇರುತ್ತಲೇ ಇದ್ದರು.

2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬುವವರು ಬೇರೆ ದಾರಿ ಹಿಡಿದರು. 33,000ಕ್ಕೂ ಹೆಚ್ಚು ದುಡಿಯುವ ಅಮೆರಿಕನ್ನರ ಫೋನಿಗೆ ದಿನದ ಯಾವುದೋ ಒಂದು ಹೊತ್ತಿನಲ್ಲಿ ಪ್ರಶ್ನೆ: ಈಗ, ಈ ಕ್ಷಣ ಹೇಗನ್ನಿಸುತ್ತಿದೆ? ಹೀಗೆ 17 ಲಕ್ಷ ಉತ್ತರ ಕೂಡಿದವು. ಅವರ ಗೆರೆ 75,000ಕ್ಕೆ ನಿಲ್ಲಲೇ ಇಲ್ಲ. ಮುಂದೆ ಆದದ್ದು ನನಗೆ ಬಹಳ ಹಿಡಿಸಿತು. ಕಾನೆಮನ್‌ಗೆ ಆಗ 85 ದಾಟಿತ್ತು. ಜಗಳಕ್ಕೆ ಬೀಳುವ ಬದಲು ಅವರು ಎದುರಾಳಿಯ ಜೊತೆಯೇ ಕೂತರು, ಬಾರ್ಬರಾ ಮೆಲ್ಲರ್ಸ್ ಎಂಬ ಮೂರನೆಯವರನ್ನು ನಡುವೆ ಕೂರಿಸಿಕೊಂಡು. ನಮ್ಮ ಹಳ್ಳಿಯ ಪಂಚಾಯ್ತಿಯ ಹಾಗೆ. 2023ರಲ್ಲಿ ಮೂವರೂ ಸೇರಿ ಬರೆದರು: ಹಳೆಯ ಪ್ರಶ್ನೆಗಳು ಸುಖವನ್ನು ಅಳೆಯುತ್ತಿರಲಿಲ್ಲ, ದುಃಖವನ್ನು ಅಳೆಯುತ್ತಿದ್ದವು. ಹೆಚ್ಚಿನವರಿಗೆ ಹಣದ ಜೊತೆ ಸುಖ ಏರುತ್ತಲೇ ಹೋಗುತ್ತದೆ. ಅತ್ಯಂತ ಅಸುಖಿಗಳಾದ ಸುಮಾರು ಐದನೇ ಒಂದು ಪಾಲಿನವರಲ್ಲಿ ಮಾತ್ರ ಅದು ಮೊದಲು ಬೇಗ ಬೇಗ ಏರಿ, 1 ಲಕ್ಷ ಡಾಲರ್ ಹತ್ತಿರ ನಿಲ್ಲುತ್ತದೆ. ಆಮೇಲೂ ಉಳಿಯುವ ನೋವುಗಳು ಹಣ ಮುಟ್ಟಲಾಗದಂಥವು: ಸಾವು, ಮುರಿದ ಸಂಬಂಧ, ಖಿನ್ನತೆ.

ಏರುತ್ತದೆ ಅಂದೆನಲ್ಲ, ಆ ಏರಿಕೆಯ ಲೆಕ್ಕ ಗಮನಿಸಿ. ತಿಂಗಳಿಗೆ 10,000 ದುಡಿಯುವವನಿಗೆ 20,000 ಆದಾಗ ಎಷ್ಟು ಹಿಗ್ಗೋ, 1 ಲಕ್ಷದವನಿಗೆ ಅಷ್ಟು ಹಿಗ್ಗಬೇಕಾದರೆ 2 ಲಕ್ಷ ಆಗಬೇಕು. ಒಬ್ಬನಿಗೆ 10,000ದಲ್ಲಿ ಆಗುವ ಕೆಲಸ ಇನ್ನೊಬ್ಬನಿಗೆ 1 ಲಕ್ಷದಲ್ಲಿ ಆಗುತ್ತದೆ. ಹಾಗಾಗಿ ‘ಹಣದಿಂದ ಸುಖವಿಲ್ಲ’ ಎಂಬ ಮಾತನ್ನು ಸಾಮಾನ್ಯವಾಗಿ ಯಾರು ಹೇಳುತ್ತಾರೆ ನೋಡಿ. ನನ್ನ ಟೇಬಲ್ಲಿನ ಮುಂದೆ ಕಿವಿಯಲ್ಲಿ ಕಡ್ಡಿ ಸಿಕ್ಕಿಸಿಕೊಂಡು ಯಾರೂ ಅದನ್ನು ಹೇಳಿದ್ದಿಲ್ಲ.

ಲಾಟರಿಯ ಬಗ್ಗೆ ಸ್ವಲ್ಪ. 1978ರ ಒಂದು ಅಮೆರಿಕನ್ ಅಧ್ಯಯನವನ್ನು ಎಲ್ಲ ಭಾಷಣಕಾರರೂ ಹೇಳುತ್ತಾರೆ: ಲಾಟರಿ ಗೆದ್ದವರು ನೆರೆಹೊರೆಯವರಿಗಿಂತ ಹೆಚ್ಚು ಸುಖಿಗಳಾಗಿರಲಿಲ್ಲ ಅಂತ. ಅದರಲ್ಲಿದ್ದ ಗೆದ್ದವರು 22 ಜನ. ಸೋಮವಾರ ಬೆಳಿಗ್ಗೆ ನಮ್ಮ ಬ್ಯಾಂಕಿನ ಒಂದು ಸಾಲಿನಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇರುತ್ತಾರೆ. 2020ರಲ್ಲಿ ಸ್ವೀಡನ್ನಿನ ಮೂರು ಸಾವಿರಕ್ಕೂ ಹೆಚ್ಚು ಲಾಟರಿ ಆಟಗಾರರನ್ನು ನೋಡಿದ ಅಧ್ಯಯನ ಬಂತು. ದೊಡ್ಡ ಮೊತ್ತ ಗೆದ್ದವರ ಬದುಕಿನ ಸಮಾಧಾನ ಹತ್ತು ವರ್ಷ ಕಳೆದ ಮೇಲೂ ಇಳಿದಿರಲಿಲ್ಲ.

ಆದರೆ ಕೇರಳದ ಆ ಆಟೋ ಚಾಲಕರು ನೆನಪಿರಬೇಕು. 2022ರ ಓಣಂ ಬಂಪರ್, 25 ಕೋಟಿ. ಏಜೆಂಟ್ ಕಮಿಷನ್ ಶೇಕಡ 10, ಉಳಿದದ್ದರಲ್ಲಿ ತೆರಿಗೆ ಶೇಕಡ 30, ಅಲ್ಲಿಗೆ 15.75 ಕೋಟಿ. ಈ ಕಳೆಯುವ ಲೆಕ್ಕ ನನ್ನ ಚಟ, ಕ್ಷಮಿಸಿ. ಆ ಹಣ ಇನ್ನೂ ಕೈ ಸೇರುವ ಮೊದಲೇ, ‘ಗೆಲ್ಲಬಾರದಿತ್ತು, ಸಹಾಯ ಕೇಳುವವರು ಮನೆಯಲ್ಲಿರಲು ಬಿಡುತ್ತಿಲ್ಲ’ ಅಂತ ಹೇಳಿಕೊಂಡರು. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಒಂದಂಕಿ ಲಾಟರಿಯ ಕಾಲದಲ್ಲಿ ಗಿರವಿಗೆ ಬಂದ ಒಡವೆಗಳನ್ನು ನೋಡಿದ್ದವಳಾಗಿ ಅದು ನನಗೆ ಸಂತೋಷದ ಸುದ್ದಿ. ಈಗ ಆ ಆಟ ಮೊಬೈಲಿನೊಳಗೆ ಸೇರಿಕೊಂಡಿದೆ, ಆ ಮಾತು ಬೇರೆ.

ಬಂದ ದುಡ್ಡು ಭಾರವಾದದ್ದನ್ನೂ ನೋಡಿದ್ದೇನೆ. ರಸ್ತೆಗೆ ಜಮೀನು ಹೋಗಿ ಪರಿಹಾರ ಬಂದ ಒಬ್ಬರು ನಮ್ಮ ಶಾಖೆಗೆ ದಿನಾ ಬರುತ್ತಿದ್ದರು. ಹೊರಗೆ ಮಾತಾಡಿಕೊಳ್ಳುವ ಹಾಗೆ ಕುಡಿದು ಕಳೆದವರಲ್ಲ, ಕಾರು ಕೊಂಡು ಗುದ್ದಿಸಿದವರೂ ಅಲ್ಲ. ಎಲ್ಲ ಎಫ್‌ಡಿ, ಮಕ್ಕಳ ಹೆಸರಿಗೂ ಸರಿಯಾಗಿ ಹಂಚಿದ್ದರು. ಬೆಳಿಗ್ಗೆ ಹತ್ತೂವರೆಗೆ ಬಂದು ಪಾಸ್‌ಬುಕ್ ಎಂಟ್ರಿ ಹಾಕಿಸಲು ಕೊಡುವರು. ಮೆಷಿನ್ನಿನಲ್ಲಿ ಅಚ್ಚಾಗಲು ಹೊಸ ಸಾಲೇ ಇರುತ್ತಿರಲಿಲ್ಲ. ‘ಯಜಮಾನ್ರೇ, ನಿನ್ನೆಯಿಂದ ಏನೂ ಆಗಿಲ್ಲವಲ್ಲ’ ಅಂದರೆ, ‘ಆಗಿಲ್ಲ ಕಣವ್ವ’ ಅಂದು ಬೆಂಚಿನ ಮೇಲೆ ಕೂರುವರು, ಊಟದ ಹೊತ್ತಿನವರೆಗೂ. ಮೊದಲು ಆ ಹೊತ್ತಿಗೆ ಗದ್ದೆಗೆ ನೀರು ತಿರುಗಿಸಿ ಬದುವಿನ ಮೇಲೆ ಕೂರುತ್ತಿದ್ದರಂತೆ.

ಇನ್ನು ಪಕ್ಕದ ಮನೆ. ಕೀನ್ಯಾದ ಪಶ್ಚಿಮದ ಹಳ್ಳಿಗಳಲ್ಲಿ ‘ಗಿವ್‌ಡೈರೆಕ್ಟ್‌ಲಿ’ ಎಂಬ ಸಂಸ್ಥೆ ಬಡ ಕುಟುಂಬಗಳಿಗೆ ಯಾವ ಷರತ್ತೂ ಇಲ್ಲದೆ ಮೊಬೈಲಿಗೇ ಹಣ ಹಾಕಿತು. ಸಿಕ್ಕವರು ಹುಲ್ಲಿನ ಸೂರು ತೆಗೆದು ತಗಡು ಹಾಕಿಸಿದರು, ಹೆಚ್ಚು ಉಂಡರು, ಹೆಚ್ಚು ನೆಮ್ಮದಿಯಾಗಿದ್ದರು. ಅದೇ ಹಳ್ಳಿಯಲ್ಲಿ ಸಿಗದವರ ಸಮಾಧಾನ ಮಾತ್ರ ಕುಸಿಯಿತು. ಅವರ ಮನೆಯಲ್ಲಿ ಏನೂ ಕಡಿಮೆಯಾಗಿರಲಿಲ್ಲ, ಪಕ್ಕದ ತಗಡು ಬಿಸಿಲಿಗೆ ಹೊಳೆಯುತ್ತಿತ್ತು ಅಷ್ಟೆ. ಕಾಲ ಕಳೆದಂತೆ ಅದೂ ತಗ್ಗಿತು. ರಿಚರ್ಡ್ ಈಸ್ಟರ್ಲಿನ್ ಎಂಬ ಅರ್ಥಶಾಸ್ತ್ರಜ್ಞರು 1974ರಲ್ಲೇ ಇದರ ಹತ್ತಿರದ ಮಾತು ಹೇಳಿದ್ದರು: ಒಂದು ದೇಶದೊಳಗೆ ಉಳ್ಳವರು ಹೆಚ್ಚು ಸುಖಿಗಳು, ಆದರೆ ಇಡೀ ದೇಶ ಶ್ರೀಮಂತವಾದಾಗ ಎಲ್ಲರ ಸುಖ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಬ್ಯಾಂಕಿನ ನೌಕರರಿಗೆ ಇದನ್ನು ವಿವರಿಸಬೇಕಿಲ್ಲ. ವೇತನ ಪರಿಷ್ಕರಣೆ ಆದ ದಿನ ಎಲ್ಲರಿಗೂ ಹೆಚ್ಚಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮುಖವೂ ಸಪ್ಪಗಿರುತ್ತದೆ. ನಾನೂ ಆ ಸಪ್ಪೆ ಮುಖದವರಲ್ಲಿ ಒಬ್ಬಳೇ.

ಹಣ ಯಾರ ಕೈಯಲ್ಲಿದೆ ಅನ್ನುವುದೂ ಮುಖ್ಯ. ಮನೆಗೆ ಬಂದ ದುಡ್ಡೆಲ್ಲ ಮನೆಯವರೆಲ್ಲರ ದುಡ್ಡಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ನನ್ನ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿತ್ತು. ‘ಲಕ್ಷ್ಮಿ ಬಂದವ್ಳಾ ಒಸಿ ನೋಡಿ ಮೇಡಮ್ನೋರೆ’ ಅಂತ ಕಿಂಡಿಯಲ್ಲಿ ತಲೆ ಹಾಕುವರು. ಅಲ್ಲಿವರೆಗೆ ಹೆಬ್ಬೆಟ್ಟು ಒತ್ತಿ ಮಗನ ಕೈಗೆ ದುಡ್ಡು ಕೊಟ್ಟು ಹೋಗುತ್ತಿದ್ದ ಒಬ್ಬ ಅಜ್ಜಿ, ಆ 2,000ದಲ್ಲಿ 300 ಬೇರೆ ಮಡಿಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ‘ಏನಜ್ಜಿ ಅದು?’ ಅಂದೆ. ‘ಎಲೆಅಡಿಕೆಗೆ. ಇನ್ನು ಮಗನ್ನ ಕೇಳಂಗಿಲ್ಲ’ ಅಂದಳು. 2,000ದಲ್ಲಿ ಬಡತನ ನೀಗುತ್ತದೆಯೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. 300 ರೂಪಾಯಿಗೆ ಆಕೆ ಕೊಂಡದ್ದು ಕೇಳದೆ ಇರುವ ಹಕ್ಕು. ಅಷ್ಟು ಅಗ್ಗಕ್ಕೆ ಅದು ಬೇರೆ ಎಲ್ಲೂ ಸಿಗುವುದಿಲ್ಲ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಹಿರಿಯರೊಬ್ಬರು ಎದ್ದು, ‘ಆಯ್ದಕ್ಕಿ ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ವಾಪಸ್ ಕಳಿಸಿದಳಲ್ಲ, ತೃಪ್ತಿಯಿದ್ದರೆ ಸಾಲದೇ?’ ಅಂದರು. ನನಗೂ ಪ್ರಿಯವಾದ ಕಥೆ. ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಅಕ್ಕಿ ಆಯುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ, ಅವಳು ಹಿಂದಿರುಗಿಸಿ ಬಾ ಅಂದಳು. ಆದರೆ ಸ್ವಾಮಿ, ಅವತ್ತಿನ ಅಕ್ಕಿ ಅವಳ ಮೊರದಲ್ಲಿತ್ತು. ನಾಳೆಯೂ ಅಂಗಳ ಇರುತ್ತದೆ, ಗಂಡನಿಗೆ ಕಾಯಕ ಇರುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಇನ್ನೊಂದು, ಬೇಡ ಅಂದವಳು ಅವಳೇ. ಸಾಕು ಅನ್ನುವ ಮಾತು ಅವಳ ಬಾಯಲ್ಲಿ ಚೆನ್ನ; ಪಿಂಚಣಿ ತೆಗೆದುಕೊಳ್ಳುವ ನಾನು ಇನ್ನೊಬ್ಬರಿಗೆ ಅದನ್ನು ಹೇಳಿದರೆ ಚೆನ್ನಾಗಿರುವುದಿಲ್ಲ.

ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ, ‘ಹಾಗಾದರೆ ಎಷ್ಟು ಸಂಬಳ ಇದ್ದರೆ ಸಾಕು ಮೇಡಂ?’ ಅಂದ. ತಿಂಗಳ 25ನೇ ತಾರೀಖು ಫೋನ್ ಬಂದರೆ ಯಾರದು ಅಂತ ನೋಡದೆ ಎತ್ತುವಷ್ಟಪ್ಪಾ, ಅಂದೆ. ಹಿಂದಿನ ಸಾಲಿನಲ್ಲಿ ಕೆಲವರು ಜೋರಾಗಿ ನಕ್ಕರು, ಅವರಿಗೆ ಅರ್ಥವಾಗಿತ್ತು.

ಆಮೇಲೆ ಟೀ ಕುಡಿಯುವಾಗ ಯಾರೋ, ಒಡವೆ ಬಿಡಿಸಿಕೊಂಡವರು ನಿಜಕ್ಕೂ ಖುಷಿಯಾಗಿರುತ್ತಿದ್ದರಾ ಎಂದು ಕೇಳಿದರು. ಭಾಷಣದಲ್ಲಿ ಹೇಳಲು ಮರೆತದ್ದನ್ನು ಅವರಿಗೆ ಹೇಳಿದೆ, ಇಲ್ಲೂ ಬರೆಯುತ್ತೇನೆ. ನನ್ನ 40 ರೂಪಾಯಿ ತಪ್ಪು ಹಿಡಿದಳು ಅಂದೆನಲ್ಲ, ಆ ಹೆಂಗಸು. ಕಬ್ಬಿನ ದುಡ್ಡು ಬಂದಿತ್ತು. ನಾನು ಲೆಕ್ಕ ತಿದ್ದಿ, ಲಾಕರಿನಿಂದ ಬಟ್ಟೆಯ ಪೊಟ್ಟಣ ತರಿಸಿ, ಅವಳ ಮುಂದೆಯೇ ಬಿಚ್ಚಿ ತೂಗಿಸಿದೆ. ಅವಳು ಕಿವಿಯಿಂದ ಎರಡೂ ಕಡ್ಡಿ ತೆಗೆದು ಕೌಂಟರಿನ ಮೇಲಿಟ್ಟು, ಗಾಜಿನ ಕಿಂಡಿಯನ್ನೇ ಕನ್ನಡಿ ಮಾಡಿಕೊಂಡು ಓಲೆ ಹಾಕಿಕೊಂಡಳು. ತಿರುಪು ಸರಿಯಾಗಿ ಕೂತಿದೆಯೇ ಅಂತ ಎರಡು ಸಲ ಮುಟ್ಟಿ ನೋಡಿದಳು. ನಾನು ಕಡ್ಡಿಗಳನ್ನು ಕಸದ ಬುಟ್ಟಿಗೆ ಹಾಕಲು ಕೈ ಚಾಚಿದೆ.

‘ಅಯ್ಯೋ, ಬಿಸಾಕ್ಬೇಡಿ ಮೇಡಮ್ನೋರೆ’ ಅಂದಳು. ‘ಜೂನ್‌ಗೆ ಬೇಕಾಯ್ತವೆ.’ ನಗುತ್ತಲೇ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಚಿಲ್ಲರೆ ಎಣಿಸಿಕೊಂಡು ಹೋದಳು.